ಕಳಸ–ಕೊಪ್ಪ, ಅಟ್ಟದ ಮಾರ್ಗವಾಗಿ

ನನ್ನ ಬಸ್ಸಿಗೆ ಹಾಲವಾಣದ ಮೈ, ಹವಾಯಿ ಚಪ್ಪಲಿಯ ಚಕ್ರ. ಕಾಫಿ ತೋಟದಲ್ಲಿ ಬೆಳೆದವರಿಗೆ ಇಷ್ಟು ಸಾಕು. ಚಪ್ಪಲಿ ಯಾರದು, ಆಮೇಲೆ ಏಟು ಎಷ್ಟು ಎಂಬುದನ್ನು ಅವರೇ ಸೇರಿಸಿಕೊಳ್ಳುತ್ತಾರೆ. ಅಟ್ಟದಲ್ಲಿ ಬೂಷ್ಟು ಹಿಡಿದಿದ್ದ ಆ ಆಟದ ಬಸ್ಸನ್ನು ಇಳಿಸಿ, ಕಣದ ಬಿಸಿಲಿಗಿಟ್ಟು, ಉಪ್ಪುಕಾಗದ ತಿಕ್ಕಿ, ನನ್ನದೆಂದು ಗುರುತು ಹಾಕಲು ಹೊರಟೆ. ಚನ್ನಪಟ್ಟಣದ ಗೊಂಬೆಗಳ ಮೇಲೆ ಮಕ್ಕಳ ಹೆಸರು ಬರೆಸುತ್ತಾರಲ್ಲ, ಹಾಗೆ. ಆದರೆ ಬಸ್ಸಿಗೆ ಹೆಸರಿಗಿಂತ ಮುಂಚೆ ಬೋರ್ಡು ಬೇಕು.

ಮೂಡಿಗೆರೆಯಲ್ಲಿ ಬೋರ್ಡು ಬರೆಯುವವರೊಬ್ಬರು ಸಿಕ್ಕರು. ಫ್ಲೆಕ್ಸ್ ಬಂದ ಮೇಲೆ ಅವರ ಕುಂಚಕ್ಕೆ ಕೆಲಸ ಕಡಿಮೆ. ಅದಕ್ಕೇ ಇರಬೇಕು, ಗೇಣುದ್ದದ ನನ್ನ ಬಸ್ಸನ್ನು ಅವರು ಬಸ್ಸೆಂದೇ ಭಾವಿಸಿದರು.

"ಯಾವ ರೂಟು?"

"ಕಳಸ–ಕೊಪ್ಪ."

"ಬಾಳೆಹೊನ್ನೂರು ಮೇಲೆ ತಾನೇ? ಮಾಗುಂಡಿ ಬರೀಲಾ?"

ಬೋರ್ಡಿನ ಅಗಲ ಎರಡು ಬೆರಳು. ಬೇಡವೆಂದೆ.

"ಬರೀದಿದ್ರೆ ಮಾಗುಂಡಿಯವ್ರು ಹತ್ತೋದು ಹೇಗೆ ಸಾರ್?"

ನನ್ನಲ್ಲಿ ಉತ್ತರವಿರಲಿಲ್ಲ. ಮಾಗುಂಡಿ ಬಂತು. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಹಿರಿಯರೊಬ್ಬರು ಲೋಟ ಹಿಡಿದೇ ಎದ್ದು ಬಂದು, ಬಸ್ಸು ಹೊರನಾಡಿನಿಂದ ಹೊರಡಬೇಕೆಂದರು. ಇನ್ನೊಬ್ಬರಿಗೆ ಬಣ್ಣವೇ ಸರಿಯಿಲ್ಲ. ಬೆಳಗಿನ ಬಸ್ಸಿಗೆ ಈ ಬಣ್ಣ ಇರಲೇ ಇಲ್ಲವೆಂದು ಕಳಸೇಶ್ವರನ ಮೇಲೆ ಆಣೆ ಇಟ್ಟರು. ಎಫ್‌ಸಿ ಆಗಿದೆಯೇ ಎಂದು ಕೇಳಿದವರೂ ಉಂಟು. ಹಿಂದುಗಡೆ 'ಚಿಲ್ಲರೆ ಕೊಟ್ಟು ಸಹಕರಿಸಿ' ಎಂದು ಯಾರ ಅಪ್ಪಣೆಯೂ ಇಲ್ಲದೆ ಬರೆದಾಯಿತು. ನನ್ನ ಹೆಸರಿಗೆ ಉಳಿದದ್ದು ಡ್ರೈವರ್ ಬಾಗಿಲಿನ ಕೆಳಗೆ ಒಂದು ಅಕ್ಷರದಷ್ಟು ಜಾಗ. ಇನಿಷಿಯಲ್ ಮಾತ್ರ ಹಿಡಿಸಿತು. ನನಗೇನೋ ಒಳಗೊಳಗೇ ಖುಷಿ.

ಪಕ್ಕೆಯ ಮೇಲೆ 'ಸಹಕಾರ ಸಾರಿಗೆ' ಎಂದು ಬರೆದಾಗ ಮಾತ್ರ ಎಲ್ಲರೂ ಸುಮ್ಮನಾದರು. ಮುಚ್ಚಿಹೋದ ಶಂಕರ್ ಕಂಪನಿಯ ಕೆಲಸಗಾರರೇ 1991ರಲ್ಲಿ ಕೊಪ್ಪದಲ್ಲಿ ಕಟ್ಟಿಕೊಂಡ ಸಂಸ್ಥೆ; ದುಡಿಯುವವರೇ ಮಾಲೀಕರು. ಕಂಡಕ್ಟರ ಕೈಗೆ ಔಷಧಿ ಚೀಟಿ ಕೊಟ್ಟರೆ ಸಂಜೆಗೆ ಮಾತ್ರೆ ಮನೆ ಸೇರುತ್ತಿತ್ತು. 2020ರಲ್ಲಿ ಬಸ್ಸುಗಳು ನಿಂತವು. ಆಗ ಮೊಬೈಲಿನ ತುಂಬ ಕಣ್ಣೀರಿಟ್ಟವರಲ್ಲಿ ಎಷ್ಟೋ ಜನ ಟಿಕೆಟ್ ತೆಗೆದುಕೊಂಡು ವರ್ಷಗಳೇ ಆಗಿದ್ದವು. ಅತ್ತವರೆಲ್ಲ ತಿಂಗಳಿಗೊಂದು ಸಲ ಹತ್ತಿದ್ದರೂ ಸಾಕಿತ್ತು ಎಂದು ಸಿಟ್ಟು ಬರುತ್ತದೆ. (ನಾನು ನನ್ನ ಬಸ್ಸನ್ನು ಮೂಡಿಗೆರೆಗೆ ಒಯ್ದದ್ದು ಕಾರಿನಲ್ಲಿ.)

ಆಯುಧಪೂಜೆ ಬಂತು. ವಾಹನವೆಂದ ಮೇಲೆ ಅದಕ್ಕೂ ಕುಂಕುಮ, ಸೇವಂತಿಗೆ. ಮನೆಯಲ್ಲಿ ಸಣ್ಣ ನಿಂಬೆಹಣ್ಣು ಮುಗಿದಿತ್ತು. ಅಮ್ಮ ಹಿತ್ತಲಿನಿಂದ ಗಜನಿಂಬೆ ತಂದು ಚಕ್ರದ ಮುಂದಿಟ್ಟಳು. ಹಣ್ಣು ಬಸ್ಸಿನ ಎತ್ತರಕ್ಕೇ ಇತ್ತು. ತಳ್ಳಿದೆ. ಮೂತಿ ಮೇಲೆದ್ದು, ಚಾರ್ಮಾಡಿ ತಿರುವಿನಲ್ಲಿ ಉಸಿರು ಕಟ್ಟಿದ ಲಾರಿಯ ಹಾಗೆ ನಿಂತುಬಿಟ್ಟಿತು.

"ಸ್ವಲ್ಪ ರಿವರ್ಸ್ ತಗೊಂಡು ಬಾರೋ," ಅಂದಳು ಅಮ್ಮ.

ತಗೊಂಡೆ. ಬಾಯಲ್ಲಿ ಗೇರಿನ ಸದ್ದೂ ಮಾಡಿದೆ.