ಈ ಸಲದ ಕಾಕಾ

ಟೊಮೆಟೊ ದರ ಪೇಪರಿನ ಮೊದಲ ಪುಟಕ್ಕೆ ಬಂದ ದಿನವೇ ಟೊಮೆಟೊ ಹಚ್ಚಲು ಹೊರಡುವ ಮಂದಿ ನಮ್ಮ ಮಮದಾಪುರದಲ್ಲಿದ್ದಾರೆ. ಬಬಲೇಶ್ವರ, ತಿಕೋಟಾ ಕಡೆಯೂ ಇದ್ದಾರೆ. ಕೋಲಾರದಲ್ಲಿಯೂ ಇರಬಹುದು, ಆದರೆ ಅಲ್ಲಿಯವರಿಗೆ ಟೊಮೆಟೊ ಕಸುಬು, ನಮ್ಮವರಿಗೆ ಅದು ನಂಬಿಕೆ. ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ಅಕ್ಕಿಕಾಳು ಹಿಡಿದು ಹಂದರಕ್ಕೆ ಬರುವ ಬೀಗರಂತೆ ಇವರು ಬರುತ್ತಾರೆ. ಬಂದಮೇಲೆ, ಉಳಿದವರೆಲ್ಲ ಯಾಕೆ ಅಷ್ಟು ಅವಸರ ಮಾಡಿದರು ಎಂದು ಕೇಳುತ್ತಾರೆ.

ಈ ಪೈಕಿಯವರನ್ನು ಗುರುತಿಸುವುದು ಕಷ್ಟವಲ್ಲ. ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರ್ ಇರುತ್ತದೆ, ಅದು ಗೋಡೆಯ ಬಿರುಕು ಮುಚ್ಚುವುದಕ್ಕೆ. ರೋಹಿಣಿಯಲ್ಲಿ ಮಾಡಬೇಕಾದ ಕೆಲಸ ಇವರಿಗೆ ಮೃಗಶಿರಾದಲ್ಲಿ ನೆನಪಾಗಿ, ಆಶ್ಲೇಷದಲ್ಲಿ ಮುಗಿಯುತ್ತದೆ. ಬದುವಿನ ಮೇಲೆ ನಿಂತು ಪಕ್ಕದವನ ಹೊಲ ನೋಡಿ, "ಭಾಳ ಲಗೂ ಹಚ್ಚಿ ಕೆಟ್ಟ ನೋಡು" ಎಂದು ಮರುಗುತ್ತಾರೆ. ಪಕ್ಕದವನು ಕಾಯಿ ಕಿತ್ತು, ಮಾರಿ, ಹೊಸ ಬೈಕು ತಂದಮೇಲೂ ಆ ಮರುಕ ಹೋಗುವುದಿಲ್ಲ.

ನನ್ನ ಪಾಲಿಗೆ ಬಂದವನು ನನ್ನ ಕಾಕಾ. "ಈ ಸಲ ನೋಡು ತಮ್ಮಾ" ಎನ್ನದೆ ಅವನು ಮಾತು ತೆಗೆದದ್ದನ್ನು ನಾನು ಕೇಳಿಲ್ಲ. ಊರ ಹುಡುಗರು 'ಈ ಸಲದ ಕಾಕಾ' ಎಂದೇ ಕರೆಯುತ್ತಾರೆ. ಅವನಿಗೆ ಅದು ಬಿರುದಿನಂತೆ ಕೇಳಿಸುತ್ತದೆ. ಅವನ ಹೊಲ ದೊಡ್ಡ ಕೆರೆಯ ಕೆಳಗಿದೆ. ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್‌ಶಾಹ 1627ರಿಂದ 1656ರವರೆಗೆ ಆಳಿದ. ನಮ್ಮೂರಿನ ಹೆಸರೂ ಅವನದೇ, ಎರಡು ಕೆರೆಗಳೂ ಅವನವೇ. ಸುಲ್ತಾನ ನೀರಿನ ತಯಾರಿಯನ್ನು ಮುನ್ನೂರೈವತ್ತು ವರ್ಷಕ್ಕೂ ಮೊದಲೇ ಮುಗಿಸಿಟ್ಟು ಹೋದ. ಕಾಕಾ ಅಗಿ ತರುವ ತಯಾರಿಯಲ್ಲಿ ಇನ್ನೂ ಇದ್ದಾನೆ.

ಟೊಮೆಟೊಕ್ಕೆ ನಮ್ಮ ಸೀಮೆ ಮೊದಲೇ ಅಷ್ಟಕ್ಕಷ್ಟೆ. ಎರಿಹೊಲ ಜೋಳ, ಕಡಲೆಗೆ ತಾಯಿ, ಟೊಮೆಟೊಕ್ಕೆ ಮಲತಾಯಿ. ಮಳೆ ಜೋರಾಗುವುದು ಸೆಪ್ಟೆಂಬರಿನಲ್ಲಿ. ಆಶ್ಲೇಷ, ಮಘೆಯಲ್ಲಿ ಹಚ್ಚಿದ ಗಿಡ ಉತ್ತರಿ ಮಳೆಗೆ ಸರಿಯಾಗಿ ಹೂವಾಗುತ್ತದೆ. ಕರಿನೆಲ ನೀರು ಹಿಡಿದು ಬಿಡುವುದಿಲ್ಲ, ಬೇರು ಕೊಳೆಯುತ್ತದೆ, ಕೆಳಗಿನ ಎಲೆಗೆ ಸಿಡಿದ ಕೆಸರಿನ ಹಿಂದೆಯೇ ಅಂಗಮಾರಿಯ ಚುಕ್ಕೆ ಏರುತ್ತದೆ. ಮಳೆ ಕೈಕೊಟ್ಟರೆ ಬಿಸಿಲು ಇದೆ. ಹಗಲಿನ ಉಷ್ಣತೆ 35 ಡಿಗ್ರಿ ದಾಟಿದರೆ ಹೂವಿನ ಪರಾಗ ಸತ್ತು, ಹೂವು ತೊಟ್ಟಿನ ಸಮೇತ ಉದುರುತ್ತದೆ. ಉಳಿದ ಕಾಯಿಯೂ ಕಾವಿಗೆ ಪೂರ್ತಿ ಕೆಂಪಾಗದೆ ಹಳದಿ ಹಳದಿಯಾಗಿ ನಿಲ್ಲುತ್ತದೆ. ಒಣಗಿದ ಹೊಲಕ್ಕೆ ಒಮ್ಮೆಲೇ ನೀರು ಬಿಟ್ಟರೆ ಸಿಪ್ಪೆ ಸೀಳುತ್ತದೆ. ಇದನ್ನೆಲ್ಲ ಕೃಷಿ ಇಲಾಖೆಯವರು ಹೇಳಿದಾಗ ಕಾಕಾ ಮುಂದಿನ ಸಾಲಿನಲ್ಲಿ ಕೂತು ತಲೆ ಅಲ್ಲಾಡಿಸಿದ್ದಾನೆ. ಚಹಾ ಕುಡಿದು ಬಂದಿದ್ದಾನೆ.

ತಳಿಯ ಮೇಲೆ ಅವನಿಗೆ ಅಪಾರ ಭರವಸೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುಟುರು, ಸೊರಗು, ಅಂಗಮಾರಿ ಮೂರನ್ನೂ ತಡೆಯುತ್ತದೆ ಎಂದು ಕೇಳಿದ ದಿನದಿಂದ, "ಹೆಸರಿನಾಗ ರಕ್ಷಕ ಐತಿ, ಮತ್ತೇನ್ ಬೇಕು?" ಎನ್ನುತ್ತಾನೆ. ತಡವನ್ನು ತಡೆಯುವ ತಳಿ ಮಾತ್ರ ಇನ್ನೂ ಹೊರಬಂದಿಲ್ಲ.

ಸೋಲಿಗೆ ಅವನು ಕೊಡುವ ಕಾರಣಗಳು ವರದಿಯಂತೆ ಖಚಿತವಾಗಿರುತ್ತವೆ. "2020ರಾಗ ಮಳಿ ಹೆಚ್ಚಾತು. ಭೀಮಾ ನದಿ ಊರ ಹೊಕ್ಕಿತ್ತು, ನನ್ನ ಟಮಾಟಿ ಉಳೀತೈತೇನು? 2023ರಾಗ ಮಳೀನೇ ಬರಲಿಲ್ಲ." ಎರಡೂ ನಿಜ. 2020ರ ಅಕ್ಟೋಬರಿನ ಪ್ರವಾಹವನ್ನು ಭೀಮಾ ತೀರದವರು ಮರೆತಿಲ್ಲ. 2023ರ ಆಗಸ್ಟ್ ಅಂತೂ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಎರಡು ವರ್ಷಕ್ಕೂ ಸಮಾನವಾದ ಮೂರನೆಯ ಕಾರಣವೊಂದಿದೆ. ಅದರ ಹೆಸರು ಎತ್ತಿದರೆ ಕಾಕಾನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ.

ಇಷ್ಟನ್ನೂ ನಾನು ಸಹಿಸುತ್ತಿದ್ದೆ, ಫೋನೊಂದು ಇರದಿದ್ದರೆ.

2023ರ ಜುಲೈ ನಿಮಗೆ ನೆನಪಿರಬಹುದು. ಕೋಲಾರದಲ್ಲಿ 15 ಕೆಜಿಯ ಪೆಟ್ಟಿಗೆ 2000 ರೂಪಾಯಿ ದಾಟಿತು. ಉತ್ತರ ಭಾರತದ ಮೆಕ್‌ಡೊನಾಲ್ಡ್ಸ್ ಅಂಗಡಿಗಳು ಬರ್ಗರಿನಿಂದ ಟೊಮೆಟೊ ತೆಗೆದವು. ಆ ಸುದ್ದಿ ಟಿವಿಯಲ್ಲಿ ಬಂದಾಗ ದೇಶವೆಲ್ಲ ಹೌಹಾರಿತು, ಕಾಕಾ ಒಬ್ಬ ಎದ್ದು ಧೋತರ ಕಟ್ಟಿದ. ಆಗಸ್ಟ್ ಹೊತ್ತಿಗೆ ಅಗಿ ನೆಲ ಕಂಡಿತು. ಮರುದಿನದಿಂದ ಫೋನು.

ನಾನು ವಿಜಯಪುರದಲ್ಲಿ ಕಚೇರಿಯ ಟೇಬಲ್ಲಿಗೆ ಅಂಟಿಕೊಂಡ ಗುಮಾಸ್ತ. ನನ್ನ ಸಹಿಗೆ ಬೆಲೆ ಇಲ್ಲ, ನನ್ನ ಮಾತಿಗೆ ಮನೆಯಲ್ಲಿಯೂ ಬೆಲೆ ಇಲ್ಲ. ಆದರೆ ಪ್ಯಾಟಿಯಲ್ಲಿ ಇರುವವನ ಕೈಯಲ್ಲೇ ಪ್ಯಾಟಿಯ ದರ ಇರುತ್ತದೆಂದು ಕಾಕಾ ತಿಳಿದಿದ್ದಾನೆ. ಕೋಳಿ ಕೂಗುವ ಮೊದಲೇ ಫೋನು ಕೂಗುತ್ತಿತ್ತು. "ತಮ್ಮಾ, ಎದ್ದೀಯಿಲ್ಲೊ? ಟಮಾಟಿ ಏನ್ ನಡದೈತಿ?" ಅಗಿಗೆ ಇನ್ನೂ ನಾಲ್ಕೆಲೆ. ಆದರೂ ನಾನು ಚೀಲ ಹಿಡಿದು ಲಿಲಾವಿನ ಕಟ್ಟೆಗೆ ಹೋಗಬೇಕು, ಕೇಳಿಕೊಂಡು ಬಂದು ಹೇಳಬೇಕು. ದರ ಏರಿದರೆ, "ನಾ ಹೇಳಿದ್ದಿಲ್ಲ?" ಇಳಿದರೆ, "ನೀ ಸರಿ ಕೇಳಿಲ್ಲ ಬಿಡು." ಕಡೆಗೆ ಒಬ್ಬ ದಲಾಲಿ ನನ್ನನ್ನು ಸೊಲ್ಲಾಪುರದ ವ್ಯಾಪಾರಿ ಎಂದು ತಿಳಿದು ಕುರ್ಚಿ ಹಾಕಿಸಿ, ಎಷ್ಟು ಟ್ರೇ ಬೇಕು ಎಂದು ಕೇಳಿದ. ನೌಕರಿಯಲ್ಲಿ ನನಗೆ ಯಾರೂ ಹಾಗೆ ಕುರ್ಚಿ ಹಾಕಿದ್ದಿಲ್ಲ. ಖರೇ ಹೇಳಬೇಕೆಂದರೆ, ಅಲ್ಲಿಂದ ಮುಂದೆ ನನಗೂ ಹೋಗುವ ಚಟ ಹತ್ತಿತು.

ಸೆಪ್ಟೆಂಬರಿನಲ್ಲಿ ದರ ನೆಲ ಕಚ್ಚಿತು. ಜುಲೈನ ಟಿವಿ ನೋಡಿ ಎದ್ದವನು ಕಾಕಾ ಒಬ್ಬನೇ ಅಲ್ಲ, ಎಲ್ಲ ಕಡೆಯೂ ಕಾಕಾಗಳು ಎದ್ದಿದ್ದರು. ಎಷ್ಟೋ ಕಡೆ ರೈತರು ಹಣ್ಣನ್ನು ರಸ್ತೆಗೆ ಸುರಿದರು. ಮಹಾನವಮಿ ಅಮಾವಾಸ್ಯೆಯ ಮುಂದೆ ಕಾಕಾನ ಟೆಂಪೊ ಬಂತು. ಭಾವಿ ನೀರು ಉಣಿಸಿ, ಬಿಳಿನೊಣಕ್ಕೆ ಎಣ್ಣೆ ಹೊಡೆದು, ಸಣ್ಣವ್ವನ ಕೂಡ ಕೂತು ಒಂದೊಂದೇ ಆರಿಸಿ ತುಂಬಿದ ಟ್ರೇಗಳು. ದಲಾಲಿ ಒಂದು ಹಣ್ಣು ಎತ್ತಿ, ಹೆಬ್ಬೆರಳಿನಿಂದ ಒತ್ತಿ, ತಿರುಗಿ ಒಗೆದ. "ಎಪ್ಪತ್ತು" ಅಂದ. ಕಿಲೋಕ್ಕಲ್ಲ, ಟ್ರೇಗೆ. ಕೊಯ್ದ ಆಳಿನ ಪಗಾರ ಮತ್ತು ಟೆಂಪೊ ಬಾಡಿಗೆ ಅದಕ್ಕಿಂತ ಹೆಚ್ಚು. ಕಾಕಾ ಏನೂ ಅನ್ನಲಿಲ್ಲ. ದಲಾಲಿ ಒಗೆದ ಹಣ್ಣನ್ನು ಎತ್ತಿ, ಧೋತರದ ಚುಂಗಿನಿಂದ ಒರೆಸಿ, ಒತ್ತಿದ ಗುರುತು ಕೆಳಗಾಗುವಂತೆ ಟ್ರೇಯಲ್ಲಿ ಇಟ್ಟ. ಆಮೇಲೆ ಡ್ರೈವರನಿಗೆ ನಮ್ಮ ಮನೆಯ ದಾರಿ ತೋರಿಸಿದ.

"ಮಾರಿದ್ರ ಎಪ್ಪತ್ತ ರೂಪಾಯಿ, ಕೊಟ್ರ ಹೆಸರು" ಎಂದು ಪಡಸಾಲೆಯಲ್ಲಿ ಟ್ರೇ ಇಳಿಸಿದ. ಹೆಸರು ಅವನಿಗೆ, ಟೊಮೆಟೊ ನಮಗೆ. ಸಾರು, ಗೊಜ್ಜು, ಬಾತು ಮುಗಿದವು. ಸಣ್ಣವ್ವ ಫೋನಿನಲ್ಲಿ ಹೇಳಿಕೊಟ್ಟಂತೆ ಹಸಿರು ಕಾಯಿಗೆ ಶೇಂಗಾ, ಬೆಳ್ಳುಳ್ಳಿ ಹಾಕಿದ ಚಟ್ನಿಯೂ ಆಯಿತು. ರೊಟ್ಟಿಗೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ, ಮೊದಲ ವಾರ. ಆಮೇಲೆ ಮಗಳು ಚಹಾದ ಕಪ್ಪಿನಲ್ಲೂ ಬಗ್ಗಿ ನೋಡಿ ಕುಡಿಯತೊಡಗಿದಳು. ಓಣಿಯವರು ಮೊದಲ ದಿನ ಕೈಯೊಡ್ಡಿದರು, ಮೂರನೆಯ ದಿನ ನಮ್ಮ ಬಾಗಿಲ ಮುಂದೆ ಹಾಯುವುದನ್ನೇ ಬಿಟ್ಟರು. ಹೆಂಡತಿ ನನ್ನ ಕಡೆ ನೋಡಿದ ನೋಟದಲ್ಲಿ ನಮ್ಮ ಮನೆತನದ ನಾಲ್ಕು ತಲೆಮಾರು ಇದ್ದವು.

ಆ ದಿನಗಳಲ್ಲಿ ನನ್ನ ಸಹೋದ್ಯೋಗಿಗಳೆಲ್ಲ ಖುಷಿಯಲ್ಲಿದ್ದರು, ತರಕಾರಿ ಅಗ್ಗವಾಗಿತ್ತು. ಅಗ್ಗದ ಸಾರನ್ನು ನಾವು ಉಂಡೆವು, ಅದರ ಖರ್ಚನ್ನು ಕೊಟ್ಟವರು ತಡವಾಗಿ ಹಚ್ಚಿದವರು. ಜುಲೈನಲ್ಲಿ ನೂರು ರೂಪಾಯಿಗೆ ಬೈದ ನಾಲಿಗೆ ಅಕ್ಟೋಬರಿನಲ್ಲಿ ಯಾರಿಗೂ ಉಪಕಾರ ಹೇಳಲಿಲ್ಲ. ನನ್ನ ಪಗಾರ, ಮಳೆ ಬರಲಿ ಬಿಡಲಿ, ಒಂದನೇ ತಾರೀಖಿಗೆ ಬರುತ್ತದೆ. ಹೊತ್ತಿನ ಬಗ್ಗೆ ಕಾಕಾನಿಗೆ ಬುದ್ಧಿ ಹೇಳುವುದು ಅಂಥವನಿಗೆ ಬಲು ಸಲೀಸು.

ಆದರೂ ಹೇಳಿದೆ. 1934ರಲ್ಲಿ ನಿಕೋಲಸ್ ಕಾಲ್ಡೋರ್ ಎಂಬ ಅರ್ಥಶಾಸ್ತ್ರಜ್ಞ ಇದಕ್ಕೆ ಜೇಡನ ಬಲೆ ಎಂದು ಹೆಸರಿಟ್ಟಿದ್ದಾನೆ, ದರ ನೋಡಿ ಬೆಳೆದರೆ ಬೆಳೆ ಬರುವ ಹೊತ್ತಿಗೆ ದರ ಬೀಳುತ್ತದೆ, ಬಿದ್ದಾಗ ಎಲ್ಲರೂ ಬಿಡುತ್ತಾರೆ, ಮತ್ತೆ ಏರುತ್ತದೆ ಎಂದು ವಿವರಿಸಿದೆ. ಕಾಕಾ ಪೂರ್ತಿ ಕೇಳಿ, "ಆಂವ ಟಮಾಟಿ ಹಚ್ಚಿದ್ನೇನು?" ಎಂದ.

ಕಾಕಾ ಅಷ್ಟಕ್ಕೇ ಬಿಡಲಿಲ್ಲ, ಚೆಂಡುಹೂವಿನ ಮಾತು ತೆಗೆದ. ಕಾಯಿಕೊರಕ ಹುಳಕ್ಕೆ ಚೆಂಡುಹೂವು ಬಲೆಬೆಳೆ, ಹದಿನಾರು ಸಾಲು ಟೊಮೆಟೊಕ್ಕೆ ಒಂದು ಸಾಲು ಹಚ್ಚಬೇಕು ಎಂದು ಇಲಾಖೆಯವರು ಹೇಳಿದ್ದರು. ಚೆಂಡುಹೂವಿನ ಸಸಿ ಟೊಮೆಟೊ ಅಗಿಗಿಂತ ಮೊದಲೇ ಬಲಿತಿರಬೇಕು, ಎರಡೂ ಕೂಡಿ ಹೂವಾಗಬೇಕು. ಕಾಕಾ ಅದನ್ನೂ ತಡವಾಗಿ ಹಚ್ಚಿದ್ದ. ಹುಳ ಹೊಟ್ಟೆ ತುಂಬ ಟೊಮೆಟೊ ತಿಂದು ಹೋದಮೇಲೆ ಹೂವು ಅರಳಿತು, ಸರಿಯಾಗಿ ದೀಪಾವಳಿಗೆ. ಲಕ್ಷ್ಮೀಪೂಜೆಯ ಹಿಂದಿನ ದಿನ ಆ ಹೂವನ್ನು ಕೇಳಿದ ದರಕ್ಕೆ ಮಾರಿ ಬಂದ. ಆ ವರ್ಷ ಅವನ ಕೈಗೆ ಹತ್ತಿದ ದುಡ್ಡು ಅದೊಂದೇ. "ನೋಡಿದಿಯಾ? ತಡಾ ಮಾಡಿದ್ದಕ್ಕ ಬಂತು" ಎಂದು ಇಂದಿಗೂ ಊರೆಲ್ಲ ಹೇಳುತ್ತಾನೆ. ಎದುರಾಡಲು ನನ್ನ ಹತ್ತಿರ ಕಾಲ್ಡೋರ್ ಬಿಟ್ಟು ಬೇರೆ ಏನೂ ಇರಲಿಲ್ಲ.

ಕಡೆಯ ಅಸ್ತ್ರವಾಗಿ ಕೇಳಿದೆ: "ಕಾಕಾ, ಎಲ್ಲಾರೂ ಟಮಾಟಿ ಕಿತ್ತು ಒಗೀತಾರಲ್ಲ, ನೀ ಆವಾಗ ಯಾಕ ಹಚ್ಚಬಾರದು?"

ಕಾಕಾ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಮಾತು ಬರೋಬ್ಬರಿ ಐತಿ. ಆದ್ರ ಯಾರ ಮುಂದೂ ಅನಬ್ಯಾಡ, ಎಲ್ಲಾರೂ ಹಚ್ಚಿಬಿಡತಾರ" ಎಂದ. ಆದ್ದರಿಂದ ಓದುಗರು ಈ ಸಂಗತಿಯನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕು, ಕಾಕಾ ಈ ಸಲ ಹಚ್ಚಿ ಮುಗಿಸುವವರೆಗಾದರೂ.