ಹೆಲ್ಮೆಟ್ ಫೋನ್: ಬಳಕೆದಾರರ ಕೈಪಿಡಿ

ಅಭಿನಂದನೆಗಳು! ಸ್ಕೂಟರ್ ಓಡಿಸುತ್ತಲೇ ಫೋನಿನಲ್ಲಿ ಮಾತಾಡಲು ನೀವು ತೀರ್ಮಾನಿಸಿದ್ದೀರಿ. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಈಗಾಗಲೇ ಗಾಡಿ ಮೇಲೆ ಕೂತೇ ಓದುತ್ತಿದ್ದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಬರುವತನಕ ತಡೆದುಕೊಳ್ಳಿ, ಅಲ್ಲಿ ಬೇಕಾದಷ್ಟು ಪುರುಸೊತ್ತು ಸಿಗುತ್ತದೆ.

ಜೋಡಣೆ

ಹೆಲ್ಮೆಟ್ ಹಾಕಿಕೊಳ್ಳಿ. ಕೆನ್ನೆಗೂ ಒಳಗಿನ ಮೆತ್ತೆಗೂ ನಡುವೆ ಫೋನನ್ನು ಕೆಳಗಿನಿಂದ ಮೇಲಕ್ಕೆ ತುರುಕಿ. ಸಲೀಸಾಗಿ ಹೋಯಿತೇ? ಹಾಗಾದರೆ ಹೆಲ್ಮೆಟ್ ನಿಮ್ಮ ಅಳತೆಯದಲ್ಲ. ಬಿದ್ದಾಗ ಅದೇ ಮೊದಲು ತಲೆ ಬಿಟ್ಟು ಹೋಗುತ್ತದೆ. ಹೋಗಲೇ ಇಲ್ಲವೇ? ಹೆಲ್ಮೆಟ್ ಸರಿಯಾಗಿದೆ, ಆದ್ದರಿಂದ ಈ ಬಳಕೆಗೆ ಅನರ್ಹ. ಐಎಸ್‌ಐ ಗುರುತಿನ ಹೆಲ್ಮೆಟ್ ಮಾಡುವವರು ಪೆಟ್ಟು ಹೀರಲೆಂದು ಒಳಗೆ ಥರ್ಮೋಕೋಲಿನಂಥ ಪದರ ಇಟ್ಟಿರುತ್ತಾರೆ. ದವಡೆಗೆ ಒತ್ತಿಕೊಂಡಂತೆ ಒಂದು ಗಾಜಿನ ಹಲಗೆಯೂ ಇರಲಿ ಎಂದು ಪಾಪ ಅವರಿಗೆ ಹೊಳೆದಿರಲಿಲ್ಲ. ಆ ಕೊರತೆ ನೀಗಿಸಿದ್ದೀರಿ.

ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿ, ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಳ್ಳುವ ಹಳೇ ಪದ್ಧತಿಯವರಿಗೆ ರಸ್ತೆ ಓರೆಯಾಗಿ ಕಾಣಬಹುದು. ಅದು ಉಪಕರಣದ ದೋಷವಲ್ಲ.

ಕರೆ ಸ್ವೀಕರಿಸುವ ಕ್ರಮ

ಮೊದಲ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಬೇಕು: "ಹಲೋ, ಗಾಡಿ ಓಡಿಸ್ತಾ ಇದೀನಿ, ಪರವಾಗಿಲ್ಲ ಹೇಳಮ್ಮಾ." ಮಧ್ಯೆ ಉಸಿರೆಳೆದುಕೊಂಡರೆ ಅಮ್ಮ ಫೋನ್ ಇಟ್ಟುಬಿಡುವ ಅಪಾಯವಿದೆ.

"ಎಲ್ಲಿದೀಯೋ?"

"ಬಂದೇಬಿಟ್ಟೆ, ಇನ್ನೈದೇ ನಿಮಿಷ." (ನೀವು ಹೆಬ್ಬಾಳದಲ್ಲಿದ್ದೀರಿ. ಮನೆ ಬನಶಂಕರಿಯಲ್ಲಿದೆ.)

"ಬರ್ತಾ ಹಾಲು ತಗೊಂಡ್ ಬಾ. ಯಾವ ಪ್ಯಾಕೆಟ್ ಅಂತ ವಾಟ್ಸಾಪ್ ಮಾಡಿದೀನಿ, ನೋಡು."

ಈಗ ನೋಡಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಹಾಲಿನ ಪ್ಯಾಕೆಟ್ಟಿನ ಬಣ್ಣ ಓದಲು ಮೂರು ಸೆಕೆಂಡ್ ಸಾಕು, ಅಂದರೆ 33 ಮೀಟರ್. ಅಷ್ಟರೊಳಗೆ ಒಂದು ಗುಂಡಿ, ಬಣ್ಣ ಅಳಿಸಿಹೋದ ಒಂದು ಹಂಪ್, ಒನ್‌ವೇಯಲ್ಲಿ ಎದುರಿನಿಂದ ಬರುತ್ತಿರುವ ಒಬ್ಬ ಸಹೋದರ, ಎಲ್ಲವೂ ಧಾರಾಳವಾಗಿ ಹಿಡಿಸುತ್ತವೆ. ಆ ಸಹೋದರನೂ ಈ ಕೈಪಿಡಿಯ ಗ್ರಾಹಕನೇ ಇರಬಹುದು.

ಬ್ಲೂಟೂತ್ ಮಾದರಿ

"ನನ್ನ ಎರಡೂ ಕೈ ಹ್ಯಾಂಡಲ್ ಮೇಲೇ ಇರುತ್ತೆ ಸಾರ್" ಎನ್ನುವ ಸಂಭಾವಿತರಿಗೆ ಈ ಮಾದರಿ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಸಿಮ್ಯುಲೇಟರ್‌ನಲ್ಲಿ ಜನರನ್ನು ಕೂರಿಸಿ ನೋಡಿದಾಗ, ಫೋನ್ ಕೈಯಲ್ಲಿ ಹಿಡಿದು ಮಾತಾಡಿದರೂ ಹಿಡಿಯದೆ ಮಾತಾಡಿದರೂ ಗಮನ ಹೆಚ್ಚುಕಮ್ಮಿ ಒಂದೇ ರೀತಿ ಕೆಡುತ್ತಿತ್ತು. ಕಣ್ಣು ಎದುರಿನ ವಸ್ತುವಿನ ಮೇಲಿರುತ್ತದೆ, ಮನಸ್ಸಿನಲ್ಲಿ ಅದು ದಾಖಲಾಗುವುದಿಲ್ಲ. ಹಿಂದೆ ಕೂತ ಹೆಂಡತಿಯ ಮಾತೇ ಬೇರೆ. ಬಸ್ಸು ಅಡ್ಡ ಬಂದರೆ ಆಕೆ ಮಾತು ನಿಲ್ಲಿಸುತ್ತಾಳೆ, "ರೀ, ನೋಡ್ಕೊಂಡು!" ಎಂದು ಕೂಗುತ್ತಾಳೆ. ಫೋನಿನಾಚೆ ಇರುವ ಮ್ಯಾನೇಜರಿಗೆ ಬಸ್ಸು ಕಾಣಿಸದು. ಆತ ಎಕ್ಸೆಲ್ ಶೀಟಿನ ಬಗ್ಗೆ ಕೇಳುತ್ತಲೇ ಇರುತ್ತಾನೆ.

ವಾರಂಟಿ

ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ 2019ರ ತಿದ್ದುಪಡಿಯ ನಂತರ ಕೈಯಲ್ಲಿ ಫೋನ್ ಹಿಡಿದು ಓಡಿಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಮೊದಲ ಸಲ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಜೈಲು ಎರಡು ವರ್ಷಕ್ಕೂ ದಂಡ 10,000 ರೂಪಾಯಿಗೂ ಏರಬಹುದು. ದಾರಿ ತೋರಿಸುವ ಮ್ಯಾಪ್‌ಗೆ ಮಾತ್ರ, ಅದೂ ಗಮನ ಕೆಡಿಸದಂತಿದ್ದರೆ, 2020ರ ನಿಯಮಗಳು ವಿನಾಯಿತಿ ಕೊಟ್ಟಿವೆ. ರೀಲ್ಸ್ ಮ್ಯಾಪ್ ಅಲ್ಲ. ಸಿಗ್ನಲ್ ಕಂಬದ ಕ್ಯಾಮೆರಾಕ್ಕೆ ಈ ವ್ಯತ್ಯಾಸ ಗೊತ್ತಿದೆ ಎಂದೇ ಇಟ್ಟುಕೊಳ್ಳಿ.

ಬದಲಿ ವಿಧಾನ

ಎಡಗಡೆ ಇಂಡಿಕೇಟರ್ ಹಾಕಿ, ಪಕ್ಕಕ್ಕೆ ನಿಲ್ಲಿಸಿ, ಹೆಲ್ಮೆಟ್ ತೆಗೆದು ಮಾತಾಡಿ. ಇದಕ್ಕೆ ಕೈಪಿಡಿ ಬೇಕಿಲ್ಲವಾದ್ದರಿಂದ ವಿವರಿಸಿಲ್ಲ.

ಕರೆ ಮಾಡುವವರಲ್ಲಿ ಒಂದು ವಿನಂತಿ: ಆ ಕಡೆ ಹಾರ್ನ್ ಸದ್ದು ಕೇಳಿದರೆ "ಪರವಾಗಿಲ್ಲ ಹೇಳು" ಎನ್ನುವವರೆಗೆ ಕಾಯಬೇಡಿ, ಫೋನ್ ನೀವೇ ಇಟ್ಟುಬಿಡಿ.