ಕನ್ನಡಿ ಮೊದಲು, ಟ್ರೇಲರ್ ಆಮೇಲೆ

ಪಕ್ಕದ ಮನೆಯ ಹುಡುಗ ಕಬ್ಬಿಣದ ಬೇಲಿಯ ಮೇಲೆ ಮೊಣಕೈ ಊರಿ, “ಆಂಟಿ, ಒಂದು ಸಣ್ಣ ವಿಷಯ ಕೇಳ್ಬೇಕಿತ್ತು” ಅಂದ. ಹಾಸನದ ಕಡೆಯವನು. ಟೆಕ್ಸಸ್‌ಗೆ ಬಂದ ಮೇಲೆ ಒಂದು ಎಫ್-150 ಪಿಕಪ್ ಕೊಂಡಿದ್ದಾನೆ, ಈಗ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನ ನೋಡಿ ಬರಬೇಕು ಅಂತ ಟ್ರಾವೆಲ್ ಟ್ರೇಲರ್ ಒಂದನ್ನು ಗೊತ್ತು ಮಾಡಿದ್ದಾನೆ. “ಟ್ರೇಲರ್, ಹಿಚ್ಚು, ಬ್ರೇಕ್ ಕಂಟ್ರೋಲರ್ ಎಲ್ಲಾ ಆಯ್ತು. ಮಿರರ್ ಒಂದು ಉಳಿದಿದೆ. ಸಿಕ್ಕಿಸೋದು ಯಾವುದಾದ್ರೂ ಒಂದು ತಗೊಂಡ್ರೆ ಸಾಕಲ್ವಾ?”

ಸಣ್ಣ ವಿಷಯ ಅನ್ನಬೇಡಪ್ಪ, ನಿನ್ನ ಪಟ್ಟಿಯಲ್ಲಿ ಕೊನೆಗೆ ಬಿದ್ದಿರುವುದು ಮೊದಲಿಗೆ ಬರಬೇಕಾಗಿತ್ತು ಅಂದೆ. ಅಲ್ಲಿಂದ ಶುರುವಾದ ಮಾತು ಒಲೆಯ ಮೇಲಿನ ಸಾರು ಕುದ್ದು ಇಳಿಸುವವರೆಗೂ ನಡೆಯಿತು.

ನಮ್ಮನೆಯವರೂ ನಾನೂ ವರ್ಷಗಳಿಂದ ಟ್ರೇಲರ್ ಎಳೆದುಕೊಂಡು ಓಡಾಡುವವರು. ಅರ್ಧ ದಾರಿ ಅವರು ಓಡಿಸುತ್ತಾರೆ, ಅರ್ಧ ನಾನು. ಅದಕ್ಕೇ ಕನ್ನಡಿಯ ಮಾತು ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಮೊದಲು ಟೇಪು ಹಿಡಿ ಅಂತ ಅವನಿಗೆ ಹೇಳಿದೆ. ಎಫ್-150 ಗಾಡಿಯ ಮೈಯಗಲ ಸುಮಾರು 80 ಇಂಚು. ಅದರ ಜೊತೆಗೆ ಬರುವ ಮಾಮೂಲಿ ಕನ್ನಡಿಗಳನ್ನೂ ಸೇರಿಸಿ ಈ ತುದಿಯಿಂದ ಆ ತುದಿಗೆ ಅಳೆದರೆ 96 ಇಂಚಿನ ಆಸುಪಾಸು. ಟ್ರೇಲರುಗಳ ಅಗಲ ಸಾಮಾನ್ಯವಾಗಿ ಎಂಟು ಅಡಿ, ಅಂದರೆ ಅದೂ 96 ಇಂಚೇ. ಕನ್ನಡಿಯ ತುದಿಯೂ ಟ್ರೇಲರಿನ ಗೋಡೆಯೂ ಒಂದೇ ಗೆರೆಯಲ್ಲಿ ನಿಂತ ಹಾಗಾಯಿತು. ಕನ್ನಡಿ ನೋಡಿದರೆ ಬಿಳಿ ಗೋಡೆ, ಮತ್ತೆ ಬಿಳಿ ಗೋಡೆ. ಹಿಂದಿನ ರಸ್ತೆ ಕಾಣುವುದೇ ಇಲ್ಲ. ಇಲ್ಲಿ ರಸ್ತೆಗಿಳಿಯುವ ವಾಹನಕ್ಕೆ ಮೇರೆ 102 ಇಂಚು, ಕೆಲವು ದೊಡ್ಡ ಟ್ರೇಲರುಗಳು ಆ ಮೇರೆಯವರೆಗೂ ಅಗಲವಾಗಿರುತ್ತವೆ. ಆಗ ಗೋಡೆಯೇ ಕನ್ನಡಿಗಿಂತ ಒಂದೊಂದು ಬದಿಗೆ ಮೂರು ಇಂಚು ಹೊರಗೆ ಇರುತ್ತದೆ. ಮಾರುವವರು ಹೇಳುವ ಅಗಲವನ್ನು ನಂಬಿಕೊಳ್ಳದೆ ನೀನೇ ಅಳೆ ಅಂತ ಒತ್ತಿ ಹೇಳಿದೆ. ಬಾಗಿಲಿನ ಕಡೆ, ಅಂದರೆ ಇಲ್ಲಿ ಬಲಗಡೆ, ಬಿಸಿಲಿಗೆ ಬಿಚ್ಚುವ ಆನಿಂಗ್ ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ಅದು ಗೋಡೆಗಿಂತ ಹೊರಕ್ಕೆ ಚಾಚಿರುತ್ತದೆ. ಅದನ್ನು ಸೇರಿಸಿ ಅಳೆಯಬೇಕು. ನೋಡಲು ಕಷ್ಟವಾಗುವುದೂ ಆ ಬಲಗಡೆಯೇ.

ಹುಡುಗ, “ಅಷ್ಟೊಂದು ಬೇಕಾ ಆಂಟಿ? ಊರಲ್ಲಿ ಲಾರಿಗಳು ಹೇಗೆ ಓಡಾಡ್ತವೆ?” ಅಂದ.

ಊರಿನ ಲಾರಿಯ ಮಾತನ್ನು ನನ್ನ ಹತ್ತಿರ ಆಡಬಾರದು. ನಮ್ಮ ತಂದೆ ಮಂಡ್ಯದಿಂದ ಬೆಲ್ಲ ಸಾಗಿಸುತ್ತಿದ್ದವರು. ಅವರ ಲಾರಿಗೆ ಎಡಗಡೆಯ ಕನ್ನಡಿ ಅಂದರೆ ಕ್ಲೀನರ್. ಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ ತಗಡಿನ ಮೇಲೆ ಬಡಿಯುತ್ತಾ “ಬರ್ಲಿ, ಬರ್ಲಿ, ಹೋಲ್ಡಾನ್” ಅನ್ನುತ್ತಿದ್ದ. ಹಿಂದೆ ಯಾರು ಬರುತ್ತಿದ್ದಾರೆ, ಯಾರು ಪಕ್ಕಕ್ಕೆ ನುಗ್ಗುತ್ತಿದ್ದಾರೆ ಅನ್ನುವುದೆಲ್ಲ ಅವನ ಬಾಯಿಂದಲೇ ತಂದೆಗೆ ತಿಳಿಯುತ್ತಿತ್ತು. ಅಮೆರಿಕದಲ್ಲೂ ಒಂದು ಕಾಲದಲ್ಲಿ ಇದೇ ಕಥೆ. ರೇಸಿನ ಕಾರುಗಳಲ್ಲಿ ಚಾಲಕನ ಪಕ್ಕ ಒಬ್ಬ ಮೆಕ್ಯಾನಿಕ್ ಕೂತು, ಹಿಂದೆ ಬರುವವರ ಸುದ್ದಿ ಹೇಳುತ್ತಿದ್ದ. 1911ರ ಮೇ 30ರಂದು ನಡೆದ ಮೊದಲ ಇಂಡಿಯಾನಾಪೊಲಿಸ್ 500ಕ್ಕೆ ರೇ ಹ್ಯಾರೂನ್ ಅನ್ನುವವನು ಒಂಟಿ ಸೀಟಿನ ‘ಮಾರ್ಮನ್ ವಾಸ್ಪ್’ ತಂದ. ಹಿಂದೆ ನೋಡುವವರಿಲ್ಲದೆ ಓಡಿಸುವುದು ಅಪಾಯ ಅಂತ ಉಳಿದವರು ಆಕ್ಷೇಪಿಸಿದರು. ಅವನು ಎದುರಿಗೆ ಕಂಬಿ ನಿಲ್ಲಿಸಿ ಒಂದು ಕನ್ನಡಿ ಕೂರಿಸಿದ, ಓಡಿದ, ಗೆದ್ದ. ಗಂಟೆಗೆ ಸರಾಸರಿ 74.6 ಮೈಲಿ. ಆದರೆ ಆ ಟ್ರ್ಯಾಕಿಗೆ ಹಾಸಿದ್ದು ಇಟ್ಟಿಗೆ. ಕನ್ನಡಿ ಎಷ್ಟು ಅದುರುತ್ತಿತ್ತು ಅಂದರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ ಅಂತ ಆಮೇಲೆ ಅವನೇ ಹೇಳಿಕೊಂಡ.

ಅದಕ್ಕೂ ಎರಡು ವರ್ಷ ಮುಂಚೆ, 1909ರಲ್ಲಿ, ಇಂಗ್ಲೆಂಡಿನ ಡೊರೊಥಿ ಲೆವಿಟ್ ಅನ್ನುವ ಹೆಣ್ಣುಮಗಳು ಕಾರು ಓಡಿಸುವ ಹೆಂಗಸರಿಗಾಗಿ ಬರೆದ ಪುಸ್ತಕದಲ್ಲಿ, ಕೈಗನ್ನಡಿ ಒಂದನ್ನು ಹತ್ತಿರವಿಟ್ಟುಕೊಳ್ಳಿ, ಆಗಾಗ ಎತ್ತಿ ಹಿಂದಿನ ರಸ್ತೆ ನೋಡಿ ಅಂತ ಬರೆದಿದ್ದಳು. ಹ್ಯಾರೂನ್‌ಗೆ ಸಿಕ್ಕಷ್ಟು ಹೆಸರು ಅವಳಿಗೆ ಸಿಗಲಿಲ್ಲ. ಸಿಗಬೇಕಾಗಿತ್ತು ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಹ್ಯಾರೂನ್ ಹೇಳಿದ ಆ ಅದುರಾಟವೇ ಟ್ರೇಲರ್ ಎಳೆಯಲು ಹಾಕುವ ಟೋಯಿಂಗ್ ಕನ್ನಡಿ ಆರಿಸುವಾಗ ನೋಡಬೇಕಾದ ಮುಖ್ಯ ಸಂಗತಿ. ಅಂಗಡಿಯಲ್ಲಿ ನಿಂತಾಗ ಎಲ್ಲ ಕನ್ನಡಿಗಳೂ ಚೆನ್ನಾಗಿಯೇ ಕಾಣುತ್ತವೆ. ಪಶ್ಚಿಮ ಟೆಕ್ಸಸ್ಸಿನ ಬಯಲಿನಲ್ಲಿ ಅಡ್ಡಗಾಳಿ ಬೀಸುವಾಗ, ಪಕ್ಕದಲ್ಲಿ ಹದಿನೆಂಟು ಚಕ್ರದ ಲಾರಿ ದಾಟಿಹೋಗುವಾಗ, ಅಗ್ಗದ ಕನ್ನಡಿಯಲ್ಲಿ ಹಿಂದಿನ ಗಾಡಿಯ ಎರಡು ದೀಪ ನಾಲ್ಕಾಗಿ ಕಾಣುತ್ತವೆ. ಪಟ್ಟಿಯಿಂದ ಎಳೆದು ಕಟ್ಟುವ, ಎಲ್ಲ ಗಾಡಿಗೂ ಆಗುತ್ತದೆ ಅನ್ನುವ ಕನ್ನಡಿಗಳ ಪಾಡೇ ಇದು. ಗಾಳಿ ತಳ್ಳಿದಷ್ಟೂ ಒಳಕ್ಕೆ ಮಡಚಿಕೊಳ್ಳುತ್ತವೆ. ಮಾಮೂಲಿ ಕನ್ನಡಿಯ ಮೇಲೆ ತೊಡಿಸುವ ಇನ್ನೊಂದು ಜಾತಿ ಇದೆ. ನಿಮ್ಮ ಗಾಡಿಯ ಮಾದರಿಗೇ ಅಚ್ಚುಹಾಕಿ ಮಾಡಿದ್ದಾದರೆ ಅದು ಇದಕ್ಕಿಂತ ಎಷ್ಟೋ ಮೇಲು. ಮಿಲೆಂಕೋ ಅನ್ನುವ ಬ್ರಿಟಿಷ್ ಕಂಪನಿಯ ಸ್ಕ್ರೂ ಬಿಗಿಯುವ ಕನ್ನಡಿ ಈ ತಾತ್ಕಾಲಿಕ ಪೈಕಿಯಲ್ಲಿ ಗಟ್ಟಿಯಾದದ್ದು. ಟ್ರೇಲರ್ ಬಾಡಿಗೆಗೆ ತಂದು ಒಂದು ರಜೆ ಕಳೆದು ವಾಪಸು ಕೊಡುವವರಿಗೆ ನಾನು ಅದನ್ನೇ ಹೇಳುವುದು. ಮೂಲ ಕನ್ನಡಿಯ ಇಂಡಿಕೇಟರ್ ದೀಪವನ್ನೂ, ಪಕ್ಕದಲ್ಲಿ ಗಾಡಿ ಇದೆ ಅಂತ ಮಿನುಗುವ ದೀಪವನ್ನೂ ಅದು ಮುಚ್ಚದ ಹಾಗೆ ಕೂರಿಸಬೇಕು, ಅಷ್ಟೆ.

ಸ್ವಂತ ಟ್ರೇಲರ್ ಇಟ್ಟುಕೊಳ್ಳುವವರ ಮಾತು ಬೇರೆ. ಅವರು ಬಾಗಿಲಿಗೇ ಬೋಲ್ಟ್ ಹಾಕಿ ಕೂರಿಸುವ, ಬೇಕಾದಾಗ ಹೊರಕ್ಕೆ ಎಳೆದುಕೊಳ್ಳುವ ಕನ್ನಡಿಗೇ ಹೋಗಬೇಕು. ಫೋರ್ಡ್, ಷೆವ್ರೊಲೆಯಂಥ ಕಂಪನಿಗಳು ಇದನ್ನು ಪಿಕಪ್ ಕೊಳ್ಳುವಾಗಲೇ ಹಾಕಿಸಿ ಕೊಡುತ್ತವೆ. ರ್‍ಯಾಮ್‌ನವರದು ಮಡಚಿ ಮೇಲಕ್ಕೆ ತಿರುಗಿಸಿದರೆ ಉದ್ದಕ್ಕೆ ನಿಲ್ಲುತ್ತದೆ. ಹೊಸ ಗಾಡಿ ಕೊಳ್ಳುವವರು ಬಣ್ಣ, ಸೀಟಿನ ಚರ್ಮ ಆರಿಸುವ ಮುಂಚೆ ಈ ಒಂದು ಗೆರೆಗೆ ಗುರುತು ಹಾಕಿದರೆ ಮುಂದಿನ ತಾಪತ್ರಯವೇ ಇರುವುದಿಲ್ಲ. ನಮ್ಮ ಹುಡುಗನ ಹಾಗೆ ಈಗಾಗಲೇ ಕೊಂಡವರು ಹೊರಗಿನ ಕಂಪನಿಯದನ್ನು ತಂದು ಬದಲಾಯಿಸಬಹುದು, ಕೆಲವು ನೂರು ಡಾಲರ್ ಬೀಳುತ್ತದೆ. ಆದರೆ ಕೊಳ್ಳುವ ಮುಂಚೆ ನಿಮ್ಮ ಹಳೆಯ ಕನ್ನಡಿಯೊಳಗೆ ಏನೇನಿದೆ ಅಂತ ಪಟ್ಟಿ ಮಾಡಿ. ಗಾಜು ಬಿಸಿಯಾಗುವ ತಂತಿ ಇದೆಯಾ? ಸ್ವಿಚ್ಚಿನಿಂದ ಗಾಜು ತಿರುಗುತ್ತದಾ? ಕೆಳಗೊಂದು ಕ್ಯಾಮೆರಾ ಇದೆಯಾ? ಹೊಸದರಲ್ಲಿ ಇವಕ್ಕೆ ಜಾಗವಿಲ್ಲದಿದ್ದರೆ ಅವು ಅಲ್ಲಿಗೆ ಮುಗಿದವು. ಬಾಗಿಲೊಳಗಿನ ತಂತಿಯ ಪ್ಲಗ್ಗು ಹೊಂದುತ್ತದಾ ಅಂತ ಕೇಳದೆ ದುಡ್ಡು ಕೊಡಬಾರದು.

ಸ್ವಿಚ್ಚಿನಿಂದ ತಿರುಗುವ ಗಾಜು ಐಷಾರಾಮ ಅಂತ ಬಹಳ ಗಂಡಸರು ತಿಳಿದಿದ್ದಾರೆ. ಅವರ ಗಾಡಿಯನ್ನು ಅವರೊಬ್ಬರೇ ಓಡಿಸುತ್ತಾರೆ, ಅದಕ್ಕೆ ಹಾಗನ್ನಿಸುತ್ತದೆ. ನಮ್ಮನೆಯವರು ಆಳೆತ್ತರ, ನಾನು ಅವರ ಭುಜಕ್ಕೆ ಬರುತ್ತೇನೆ. ಸೀಟು ಬದಲಾದ ಕೂಡಲೇ ಎರಡೂ ಕನ್ನಡಿ ಬದಲಾಗಬೇಕು. ಬಲಗಡೆಯದು ಕೂತಲ್ಲಿಂದ ಕೈಗೆ ಸಿಗುವುದಿಲ್ಲ. ಒಬ್ಬರು ಹೊರಗೆ ನಿಂತು ತಿರುಗಿಸಬೇಕು, ಒಬ್ಬರು ಒಳಗೆ ಕೂತು “ಇನ್ನೂ ಸ್ವಲ್ಪ, ಅಯ್ಯೋ ಜಾಸ್ತಿ ಆಯ್ತು” ಅನ್ನಬೇಕು. ಪೆಟ್ರೋಲ್ ಬಂಕಿನಲ್ಲಿ ಹಿಂದೆ ನಾಲ್ಕು ಗಾಡಿ ಕಾಯುತ್ತಿದ್ದರೆ ಯಾರೂ ಆ ಕೆಲಸ ಮಾಡುವುದಿಲ್ಲ, ಹಾಗೇ ಹೊರಟುಬಿಡುತ್ತಾರೆ. ಅಪಾಯ ಇರುವುದು ಅಲ್ಲಿ. ಇನ್ನೊಂದು ವಿಷಯವನ್ನು ಕುಳ್ಳಗಿರುವವರು ಗಮನಿಸಬೇಕು. ದೊಡ್ಡ ಕನ್ನಡಿ ಹಿಂದಿನದನ್ನು ತೋರಿಸುತ್ತದೆ, ಜೊತೆಗೆ ಮುಂದಿನದನ್ನು ಮರೆಮಾಡುತ್ತದೆ. ಕೂಡುರಸ್ತೆಯಲ್ಲಿ ಎಡಕ್ಕೆ ತಿರುಗುವಾಗ ಅದರ ಹಿಂದೆ ಒಬ್ಬ ಮನುಷ್ಯ ಪೂರ್ತಿ ಮುಚ್ಚಿಹೋಗಬಲ್ಲ. ಕೊಳ್ಳುವ ಮುಂಚೆ ಅಂಥದೇ ಕನ್ನಡಿಯಿರುವ ಗಾಡಿಯಲ್ಲಿ ಒಮ್ಮೆ ಕೂತು ನೋಡಬೇಕು. ಗಾಡಿ ಓಡಿಸುವ ಇಬ್ಬರೂ ಕೂತು ನೋಡಬೇಕು.

ಗಾಜಿನ ವಿಷಯ ಬಂತು. ಇಲ್ಲಿನ ನಿಯಮದಂತೆ ಚಾಲಕನ ಕಡೆಯದು ಚಪ್ಪಟೆ ಗಾಜು, ಇದ್ದದ್ದನ್ನು ಇದ್ದಷ್ಟೇ ತೋರಿಸುತ್ತದೆ. ಬಲಗಡೆಯದು ಉಬ್ಬುಗಾಜಾದರೆ, ಕಾಣುವ ವಸ್ತು ಕಾಣುವುದಕ್ಕಿಂತ ಹತ್ತಿರ ಇದೆ ಅನ್ನುವ ಎಚ್ಚರಿಕೆಯನ್ನು ಗಾಜಿನ ಮೇಲೇ ಬರೆದಿರಬೇಕು. ಉಬ್ಬುಗಾಜು ಹರವನ್ನು ತೋರಿಸುತ್ತದೆ, ದೂರದ ಅಂದಾಜು ತಪ್ಪಿಸುತ್ತದೆ. ಚಪ್ಪಟೆ ಗಾಜು ದೂರವನ್ನು ಸರಿಯಾಗಿ ಹೇಳುತ್ತದೆ, ಪಕ್ಕದ ಲೇನಿನಲ್ಲಿ ಅಂಟಿಕೊಂಡ ಪುಟ್ಟ ಕಾರನ್ನು ಬಿಟ್ಟುಬಿಡುತ್ತದೆ. ಟ್ರೇಲರ್ ಎಳೆಯುವವರಿಗೆ ಎರಡೂ ಬೇಕು. ಮೇಲೆ ದೊಡ್ಡ ಚಪ್ಪಟೆ ಗಾಜು, ಕೆಳಗೆ ಸಣ್ಣ ಉಬ್ಬುಗಾಜು, ಎರಡನ್ನೂ ಬೇರೆಬೇರೆಯಾಗಿ ತಿರುಗಿಸಲು ಬರುವಂಥದ್ದು. ಅದಕ್ಕಿಂತ ಕಡಿಮೆಗೆ ಒಪ್ಪಬಾರದು.

“ಕ್ಯಾಮೆರಾ ಇದೆಯಲ್ಲ ಆಂಟಿ?” ಅಂದ. 2018ರ ಮೇ ತಿಂಗಳಿಂದ ಇಲ್ಲಿ ಮಾರುವ ಪ್ರತಿ ಹೊಸ ಕಾರು, ಪಿಕಪ್ಪಿಗೂ ಹಿಂದಿನ ಕ್ಯಾಮೆರಾ ಕಡ್ಡಾಯ, ನಿಜ. ಹಿಚ್ಚಿನ ಗುಂಡನ್ನು ಟ್ರೇಲರಿನ ಮೂಗಿಗೆ ತಂದು ನಿಲ್ಲಿಸಲು ಅದರಷ್ಟು ಒಳ್ಳೆಯದಿಲ್ಲ. ಕಟ್ಟಿದ ಮೇಲೆ ಅದಕ್ಕೆ ಕಾಣುವುದು ಟ್ರೇಲರಿನ ಮೂಗು ಮಾತ್ರ. ಟ್ರೇಲರಿನ ಬೆನ್ನಿಗೆ ಇನ್ನೊಂದು ಕ್ಯಾಮೆರಾ ಹಾಕಿಸಿಕೊಂಡರೆ ನೆಟ್ಟಗೆ ಹಿಂದಿರುವವನು ಕಾಣುತ್ತಾನೆ. ಹಾಕಿಸಿಕೊಳ್ಳಲಿ. ಆದರೆ ಕೆಸರು, ಮಳೆಹನಿ, ಸಂಜೆಯ ಎದುರುಬಿಸಿಲು ಕ್ಯಾಮೆರಾದ ಕಣ್ಣು ಕಟ್ಟುತ್ತವೆ. ಕನ್ನಡಿಯ ಮೇಲೆ ಕೆಸರು ಕೂತರೆ ಒಂದು ಬಟ್ಟೆ ಸಾಕು.

ಕನ್ನಡಿ ಹಾಕಿದ ಮೇಲೆ ಪರೀಕ್ಷೆ ಮಾಡದೆ ಹೊರಡಬಾರದು. ಹಿಂದಿನ ರಸ್ತೆ ಕನಿಷ್ಠ 200 ಅಡಿ ಕಾಣಬೇಕು ಅನ್ನುತ್ತದೆ ಟೆಕ್ಸಸ್ಸಿನ ಕಾನೂನು, ಅಂದರೆ ಸುಮಾರು 60 ಮೀಟರ್. ಖಾಲಿ ಪಾರ್ಕಿಂಗ್ ಜಾಗದಲ್ಲಿ ಟ್ರೇಲರ್ ಕಟ್ಟಿ, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ. ಮನೆಯವರೊಬ್ಬರು ಟ್ರೇಲರಿನ ಹಿಂಬದಿಯಿಂದ ಅಷ್ಟು ದೂರ ನಡೆದುಹೋಗಲಿ. ಚಪ್ಪಟೆ ಗಾಜಿನ ಒಳಅಂಚಿನಲ್ಲಿ ಟ್ರೇಲರಿನ ಗೋಡೆ ತೆಳ್ಳಗೆ ಒಂದು ಗೆರೆಯಷ್ಟು ಕಾಣಬೇಕು, ಉಳಿದದ್ದೆಲ್ಲ ರಸ್ತೆ. ಕೆಳಗಿನ ಉಬ್ಬುಗಾಜಿನಲ್ಲಿ ಟ್ರೇಲರಿನ ಚಕ್ರ ಕಾಣಬೇಕು. ಚಕ್ರದ ಮೇಲೆ ನನಗೆ ಯಾವಾಗಲೂ ಕಣ್ಣು. ಬಲಕ್ಕೆ ತಿರುಗುವಾಗ ಪಿಕಪ್ ಸಲೀಸಾಗಿ ದಾಟಿದರೂ ಟ್ರೇಲರ್ ಒಳಮೈ ಹಿಡಿದು ಕಲ್ಲಂಚನ್ನು ಹತ್ತುತ್ತದೆ, ಕನ್ನಡಿ ನೋಡಿಯೇ ಅದನ್ನು ತಪ್ಪಿಸಬೇಕು. ಟೈರು ಸಿಪ್ಪೆ ಬಿಡುವುದು, ಟ್ರೇಲರ್ ಬಾಲ ಆಡಿಸಲು ಶುರುಮಾಡುವುದು, ಆನಿಂಗ್ ಗಾಳಿಗೆ ಬಿಚ್ಚಿಕೊಳ್ಳುವುದು ಮೊದಲು ಗೊತ್ತಾಗುವುದು ಕನ್ನಡಿಯಲ್ಲೇ. ಹಿಂದಕ್ಕೆ ತೆಗೆಯುವಾಗಲೂ ಅದೇ ಆಸರೆ. ಸ್ಟಿಯರಿಂಗಿನ ಕೆಳತುದಿಯಲ್ಲಿ ಕೈಯಿಟ್ಟು, ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ಸರಿಸಿ. ಆದಷ್ಟು ಎಡಕ್ಕೇ ತೆಗೆಯಿರಿ. ಇಲ್ಲಿ ಚಾಲಕ ಕೂರುವುದು ಎಡಕ್ಕೆ, ಆ ಕನ್ನಡಿಯೇ ನಿಮಗೆ ಹತ್ತಿರ. ಊರಿನ ಗಾಡಿಯಲ್ಲಿ ಪಳಗಿದ ಕಣ್ಣಿಗೆ ಇದು ತಿರುಗುಮುರುಗು, ರೂಢಿಯಾಗಲು ಸ್ವಲ್ಪ ದಿನ ಬೇಕು.

ಊರಿಗೆ ಹೋದಾಗ ನನ್ನ ಎದೆ ಹೊಡೆದುಕೊಳ್ಳುವುದು ಕಬ್ಬಿನ ಟ್ರ್ಯಾಕ್ಟರ್ ಕಂಡಾಗ. ಮಂಡ್ಯವಿರಲಿ, ಬೆಳಗಾವಿ, ಬಾಗಲಕೋಟೆಯಿರಲಿ, ಒಂದರ ಹಿಂದೊಂದು ಎರಡು ಟ್ರೇಲರ್, ಎರಡೂ ಬದಿಗೆ ಚಾಚಿದ ಕಬ್ಬು, ಜೋರಾಗಿ ಹಾಡು. ಹಿಂದಿನವನ ಹಾರನ್ ಕೇಳುವುದಿಲ್ಲ, ದೀಪ ಕಾಣುವುದಿಲ್ಲ. ಆ ಹುಡುಗರು ಕೆಟ್ಟ ಚಾಲಕರಲ್ಲ, ಅವರಿಗೆ ಹಿಂದೆ ನೋಡುವ ಸಾಧನವನ್ನು ಯಾರೂ ಕೊಟ್ಟಿಲ್ಲ. ಕಬ್ಬಿನ ಹೊರೆಗಿಂತ ಹೊರಗೆ ಚಾಚುವ ಎರಡು ಕನ್ನಡಿ ಹಾಕಿಸುವುದು ಒಂದು ಸಕ್ಕರೆ ಕಾರ್ಖಾನೆಗೆ ದೊಡ್ಡ ಖರ್ಚಲ್ಲ.

ಬ್ರಿಟನ್ನಿನಲ್ಲಿ ಈ ವಿಷಯ ಬಿಗಿ. ಅಲ್ಲಿ ಕ್ಯಾರವಾನ್ ಅನ್ನುವ ಈ ಟ್ರೇಲರ್ ಕಾರಿನ ಹಿಂಬದಿಗಿಂತ ಅಗಲವಿದ್ದರೆ ಟೋಯಿಂಗ್ ಕನ್ನಡಿ ಹಾಕಲೇಬೇಕು. ಇಲ್ಲದಿದ್ದರೆ 1,000 ಪೌಂಡ್‌ವರೆಗೆ ದಂಡ, ಲೈಸೆನ್ಸಿಗೆ ಮೂರು ಕಪ್ಪುಚುಕ್ಕೆ. ಕನ್ನಡಿ ಕೂಡ ಕ್ಯಾರವಾನಿನಿಂದ 250 ಮಿಲಿಮೀಟರಿಗಿಂತ ಹೊರಗೆ ಚಾಚಬಾರದು. ಟ್ರೇಲರ್ ಬಿಚ್ಚಿದ ಮೇಲೆ ಕನ್ನಡಿಯನ್ನು ಒಳಕ್ಕೆ ತಳ್ಳುವ ಅಭ್ಯಾಸ ಎಲ್ಲ ದೇಶದಲ್ಲೂ ಒಳ್ಳೆಯದೇ. ನಮ್ಮ ಬೀದಿಯ ಹಳೆಯ ಮನೆಗಳ ಗ್ಯಾರೇಜು ಬಾಗಿಲು ಎಂಟೇ ಅಡಿ.

ಹುಡುಗನಿಗೆ ಕೊನೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಒಂದು ಸಲದ ಬಾಡಿಗೆ ಟ್ರೇಲರಿಗಾದರೆ ಗಟ್ಟಿಯಾಗಿ ಬಿಗಿಯುವ ಕನ್ನಡಿ ಸಾಕು. ಸ್ವಂತದ್ದಾದರೆ ಬಾಗಿಲಿಗೆ ಬೋಲ್ಟ್ ಆದ, ಹೊರಕ್ಕೆ ಎಳೆಯುವ, ಸ್ವಿಚ್ಚಿನಿಂದ ತಿರುಗುವ, ಎರಡು ಗಾಜಿನ ಕನ್ನಡಿಯನ್ನೇ ಹಾಕಿಸಿ. ದುಡ್ಡು ಸಾಲದಿದ್ದರೆ ಬೈಸಿಕಲ್ ಸ್ಟ್ಯಾಂಡು, ಹೊರಗಿನ ಟಿವಿ, ಬಣ್ಣದ ದೀಪ ಮುಂದಿನ ವರ್ಷಕ್ಕಿರಲಿ. ಕನ್ನಡಿ ಬರುವವರೆಗೆ ಟ್ರೇಲರನ್ನು ಮನೆಯಿಂದ ಹೊರಗೆ ತೆಗೆಯಬೇಡಿ.